ಮುಡ್ಲಿ ಪೈಪಿನಾಗ ಹಿಡಸ್ತದೇನ್ರಿ?

ಮೊನ್ನೆ ಮಳೆ ಸ್ವಲ್ಪ ಹೊಳವಾದಾಗ ಬೇಲಿಯಾಚೆಯಿಂದ ಪಕ್ಕದ ಮನೆಯ ವೈನಿ ಕೂಗಿದರು. ‘ಅಕ್ಕಾರ, ಲಗೂನ ಬರ್ರಿ. ಮಣ್ಣಿಲ್ಲದ ಪಾಲಕ ನೋಡ್ರಿ!’

ಹೋಗಿ ನೋಡಿದೆ. ಪತ್ರಾಸಿನ ಕೆಳಗೆ ತೂತು ಕೊರೆದ ನಾಲ್ಕು ಬಿಳಿ ಪೈಪು, ತೂತಿಗೊಂದು ಸಣ್ಣ ಕಪ್ಪು, ಅದರಲ್ಲಿ ಮುಷ್ಟಿಯಷ್ಟು ತೆಂಗಿನ ನಾರಿನ ಪುಡಿ. ಬಕೆಟ್ಟಿನ ಪಂಪು ನೀರೆತ್ತುತ್ತದೆ, ಬೇರು ಸವರಿಕೊಂಡು ಅದೇ ನೀರು ಬಕೆಟ್ಟಿಗೆ ಮರಳುತ್ತದೆ. ಎಲೆ ಮಾತ್ರ ಒಂದು ಹುಳವಿಲ್ಲದೆ ಹೊಳೆಯುತ್ತಿತ್ತು.

ನನಗೆ ನಿಜಕ್ಕೂ ಆಸೆಯಾಯಿತು. ದಾಂಡೇಲಿಯ ಜುಲೈ ತಿಂಗಳಲ್ಲಿ ಸೊಪ್ಪು ಬೆಳೆಯುವ ಕಷ್ಟ ಗೊತ್ತಿದ್ದವರಿಗೇ ಗೊತ್ತು. ಕೊತ್ತಂಬರಿ ಬೀಜ ಹನಿಯ ಹೊಡೆತಕ್ಕೆ ಮಡಿಯಿಂದ ಹೊರಗೆ ಸಿಡಿಯುತ್ತದೆ. ಮೊಳೆತದ್ದು ಬುಡ ಕೊಳೆತು ಮಲಗುತ್ತದೆ. ನೆನೆದ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿಯೇ ಇರುವುದಿಲ್ಲ. ಮಳೆಗಾಲದ ಸೊಪ್ಪಿಗೆ ಪೈಪೇ ಸರಿ ಎಂದು ಅಲ್ಲೇ ಒಪ್ಪಿದೆ.

‘ಗೊಬ್ಬರ?’ ಎಂದೆ. ಎರಡು ಬಾಟಲಿ ತೋರಿಸಿದರು, ಎ ಮತ್ತು ಬಿ. ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ರಂಜಕ, ಗಂಧಕದ ಲವಣಗಳು. ನೀರು ಬೆರೆಸದೆ ಎರಡನ್ನೂ ಕೂಡಿಸಿದರೆ ಸುಣ್ಣದ ಹಾಗೆ ತಳಕ್ಕೆ ಕೂತುಬಿಡುತ್ತದಂತೆ. ಮೇಲೆ ಪಿಎಚ್ ನೋಡಬೇಕು, 5.5ರಿಂದ 6.5ರೊಳಗೆ. ದಿನಾ ನೋಡಬೇಕು.

‘ಏಪ್ರಿಲ್‌ನಾಗ ಏನಾತ ಗೊತ್ತೇನ್ರಿ? ಗಾಳಿಗೆ ತಂತಿ ಮ್ಯಾಲೆ ಮರ ಬಿತ್ತು. ರಾತ್ರಿಯಿಂದ ಕರೆಂಟ್ ಇಲ್ಲ. ಮರದಿನ ಮಧ್ಯಾಹ್ನಕ್ಕ ಅಷ್ಟೂ ಗಿಡ ಜೋತುಬಿದ್ದಿದ್ವು. ನನಗ ಅಳೂನ ಬಂತು.’

ಅಲ್ಲೇ ಇರುವುದು ನೋಡಿ ಮಣ್ಣಿನ ದೊಡ್ಡತನ. ಎರಡು ದಿನ ನೀರು ಮರೆತರೂ ಗಿಡವನ್ನು ಕಾಯುತ್ತದೆ. ಗೊಬ್ಬರ ಒಂದು ಮುಷ್ಟಿ ಹೆಚ್ಚಾದರೆ ಮಣ್ಣಿನ ಜೇಡಿ, ಕೊಳೆತ ಎಲೆ ಹಿಡಿದಿಟ್ಟುಕೊಂಡು ಬೇಕಾದಾಗ ಕೊಡುತ್ತವೆ. ನೀರಿಗೆ ಆ ತಾಳ್ಮೆ ಇಲ್ಲ, ನಮ್ಮ ತಪ್ಪು ನೇರ ಬೇರಿಗೇ ತಟ್ಟುತ್ತದೆ.

ಹಳಿಯಾಳದ ಕಡೆ ನನ್ನ ತವರು. ಹೀಗೇ ಮಣ್ಣಿಲ್ಲದೆ ಟ್ರೇಯಲ್ಲಿ ಗೋವಿನಜೋಳ ಮೊಳೆಸಿ ಮೇವು ಮಾಡಲೇ ಎಂದು ತಮ್ಮ ಕೇಳುತ್ತಿದ್ದ. ಪಕ್ಕದ ಗೋವಾದಲ್ಲಿ ಐಸಿಎಆರ್ ಸಂಶೋಧನಾ ಸಂಸ್ಥೆಯವರು ಪ್ರಯೋಗ ಮಾಡಿದ್ದಾರೆ: 1 ಕೆಜಿ ಬೀಜಕ್ಕೆ ವಾರದೊಳಗೆ 5–6 ಕೆಜಿ ಹಸಿ ಮೇವು. ಕೇಳಲು ಚೆಂದ. ಆದರೆ ಹೆಚ್ಚಿದ ತೂಕವೆಲ್ಲ ನೀರು. ಮೊಳೆಯುವಾಗ ಬೀಜ ತನ್ನದೇ ಹಿಟ್ಟು ಕರಗಿಸಿಕೊಳ್ಳುವುದರಿಂದ ಒಣ ಸತ್ವ ಬೀಜದಲ್ಲಿದ್ದಷ್ಟೂ ಉಳಿಯುವುದಿಲ್ಲ. ಹಳಿಯಾಳ, ಮುಂಡಗೋಡದಂಥ ಗೋವಿನಜೋಳದ ಸೀಮೆಯಲ್ಲಿ, ಹೊಲವಿದ್ದವನಿಗೆ ಅದು ಯಾಕೆ ಎಂದೆ. ಹಸಿ ಮೇವು ಬೆಳೆಯಲು ತುಂಡು ಜಾಗವಿಲ್ಲದೆ ಆಕಳು ಸಾಕುವವರ ಮಾತು ಬೇರೆ.

‘ಹಂಗಾರ ನಿಮ್ಮ ಹಿತ್ತಲದಾಗ ಅಂಥಾದ್ದೇನದ?’ ವೈನಿ ಬಿಡಲಿಲ್ಲ.

ಮುಡ್ಲಿಯ ಮಡಿ ತೋರಿಸಿದೆ. ಜನವರಿಯಲ್ಲಿ ಜೋಯಿಡಾದ ಗೆಡ್ಡೆಗೆಣಸಿನ ಮೇಳಕ್ಕೆ ಹೋದಾಗ ಕುಣಬಿ ಸಮುದಾಯದ ಅಜ್ಜಿಯೊಬ್ಬರಿಂದ ತಂದದ್ದು. ಕೆಸುವಿನ ಜಾತಿ. ಮಳೆಗೆ ಮುಂಚೆ ಊರಿದರೆ ಮಳೆಗಾಲವಿಡೀ ನೆಲದೊಳಗೇ ಬಲಿಯುತ್ತದೆ. ನನ್ನ ಕೊತ್ತಂಬರಿಯನ್ನು ಮಲಗಿಸಿದ ಮಳೆಯಲ್ಲೇ ಇದರ ಎಲೆ ಆನೆಯ ಕಿವಿಯಷ್ಟಾಗಿತ್ತು. ಯಾವ ಪಂಪೂ ಇಲ್ಲದೆ ತಲೆಮಾರುಗಳಿಂದ ಆ ತಳಿ ಉಳಿಸಿಕೊಂಡು ಬಂದವರನ್ನು ನೆನೆದರೆ ಕೈಮುಗಿಯಬೇಕು ಅನ್ನಿಸುತ್ತದೆ.

‘ಇದು ನಿಮ್ಮ ಪೈಪಿನಾಗ ಹಿಡಸ್ತದೇನ್ರಿ?’

ವೈನಿ ಬೇಲಿಗೆ ಕೈಯಾನಿಸಿ ಸುಮಾರು ಹೊತ್ತು ಆ ಎಲೆಗಳನ್ನೇ ನೋಡಿದರು. ‘ಅಗದ ಮ್ಯಾಲೆ ಬೀಜದ್ದು ಎರಡ ನನಗ ಇಡ್ರಿ, ಅಕ್ಕಾರ. ಬಕೆಟ್ಟಿನ ನೀರ ಹದಿನೈದ ದಿನಕ್ಕೊಮ್ಮೆ ಬದಲಿ ಮಾಡ್ತೀವಿ. ಹಳೇ ನೀರಿನಾಗ ಇನ್ನೂ ಗೊಬ್ಬರ ಇರ್ತದ, ಸುಮ್ಮನ ಮೂಲ್ಯಾಗ ಚೆಲ್ತೇವಿ. ಅಲ್ಲೇ ಊರತೀನಿ.’

ಎರಡು ಸಾಲದು, ನಾಲ್ಕು ಇಡುತ್ತೇನೆ ಎಂದೆ. ಅಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು.