ಹದಿನಾರು-ಎಂಟು ಸಾಹೇಬರು

ಬೆಳಗಾವಿಯ ಕ್ಯಾಂಪಿನಲ್ಲಿ ಬೆಳಿಗ್ಗೆ ಏಳೂವರೆಗೆ ಚಹಾದಂಗಡಿಯ ಮುಂದೆ ನಿಲ್ಲುವ ನಿವೃತ್ತರ ಗುಂಪಿನಲ್ಲಿ ಅವರನ್ನು ಗುರುತಿಸುವುದು ಕಷ್ಟವಲ್ಲ. ಉಳಿದವರ ಕೈಯಲ್ಲಿ ಹಾಲಿನ ಚಹಾ, ಚಹಾದಲ್ಲಿ ಅದ್ದಿದ ಖಾರಿ. ಇವರ ಗ್ಲಾಸಿನಲ್ಲಿ ಮಾತ್ರ ಕರಿ ಚಹಾ, ಹಾಲಿಲ್ಲ, ಸಕ್ಕರೆಯಿಲ್ಲ. 'ಯಾಕ್ರೀ ಸಾಹೇಬ್ರ, ಹಾಲ ಹಾಕಿಸಿಲ್ಲೇನು?' ಎಂದು ಯಾರಾದರೂ ಕೇಳುವವರೆಗೆ ಆ ಗ್ಲಾಸನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದೇ ಇರುತ್ತಾರೆ. ಯಾರೂ ಕೇಳದಿದ್ದರೆ ತಾವೇ ಹೇಳುತ್ತಾರೆ: 'ಹನ್ನೊಂದೂವರಿ ತಾಸ ಆತು.'

ಏನು ಹನ್ನೊಂದೂವರೆ ತಾಸು ಎಂದು ಕೇಳಿದಿರೋ, ಕೆಟ್ಟಿರಿ. ಜೇಬಿನಿಂದ ಫೋನು ಹೊರಬರುತ್ತದೆ. ಅದರಲ್ಲಿ ದುಂಡನೆಯ ಗಡಿಯಾರ, ಅದರ ಸುತ್ತ ಬೆಳೆಯುತ್ತಿರುವ ಕೇಸರಿ ಗೆರೆ. ನಿನ್ನೆ ರಾತ್ರಿ ಎಂಟಕ್ಕೆ ಊಟ ಮುಗಿದಿದೆ, ಇವತ್ತು ಮಧ್ಯಾಹ್ನ ಹನ್ನೆರಡರವರೆಗೆ ಬಾಯಿ ಬಂದ್. ಹದಿನಾರು ತಾಸು ಉಪವಾಸ, ಎಂಟು ತಾಸು ಊಟ. 'ಈಗ ನೋಡ್ರಿ, ನಿಂತಲ್ಲೇ ನನ್ನ ಕೊಬ್ಬು ಸುಡಾಕತ್ತೈತಿ' ಎನ್ನುತ್ತಾರೆ. ಅದೇ ಹೊತ್ತಿಗೆ ಮರಾಠಾ ಲೈಟ್ ಇನ್‌ಫೆಂಟ್ರಿಯ ರಂಗರೂಟ ಹುಡುಗರು ಸಾಲಾಗಿ, ಬೆವರು ಸುರಿಸುತ್ತ ರಸ್ತೆಯಲ್ಲಿ ಓಡಿ ಹೋಗುತ್ತಾರೆ. ಸಾಹೇಬರು ಅವರನ್ನು ಕನಿಕರದಿಂದ ನೋಡಿ, 'ಪಾಪ, ಎಷ್ಟ ಓಡ್ತಾವ! ಸುಮ್ಮ ಕುಂತಿದ್ರೂ ಆಕ್ಕಿತ್ತು' ಎನ್ನುತ್ತಾರೆ.

ಸಾಹೇಬರು ಈ ದಾರಿಗೆ ಹೊಸಬರಲ್ಲ. ಬೆಳಗಾವಿ ಗಡಿಯ ಊರು, ಇಲ್ಲಿಗೆ ಪಥ್ಯಗಳೂ ಎರಡೂ ಕಡೆಯಿಂದ ಬರುತ್ತವೆ. 2018ರ ಸುಮಾರಿಗೆ ಮಹಾರಾಷ್ಟ್ರದ ಮನೆಮನೆಯಲ್ಲಿ ದೀಕ್ಷಿತರೋ ದಿವೇಕರರೋ ಎಂಬ ವಾದ ಎದ್ದಿತ್ತು. ಋಜುತಾ ದಿವೇಕರ್ ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪ ತಿನ್ನಿ, ತುಪ್ಪಕ್ಕೆ ಅಂಜಬೇಡಿ ಎನ್ನುವವರು. ಡಾ. ಜಗನ್ನಾಥ ದೀಕ್ಷಿತರು ನಾಗಪುರದ ಡಾ. ಶ್ರೀಕಾಂತ ಜಿಚಕಾರರ ವಿಚಾರ ಹಿಡಿದು, ದಿನಕ್ಕೆ ಎರಡೇ ಸಲ ಉಣ್ಣಿ, ಒಂದೊಂದು ಊಟ 55 ನಿಮಿಷದೊಳಗೆ ಮುಗಿಯಲಿ ಎನ್ನುವವರು. ಈ ವಾದ ಕೊಲ್ಹಾಪುರ, ನಿಪ್ಪಾಣಿ ದಾಟಿ ಕ್ಯಾಂಪಿಗೆ ಬರಲು ವಾಟ್ಸಾಪಿಗೆ ಎಷ್ಟು ಹೊತ್ತು ಬೇಕು? ಸಾಹೇಬರು ನ್ಯಾಯವಂತರು, ಇಬ್ಬರಿಗೂ ಅವಕಾಶ ಕೊಟ್ಟರು. ಮೊದಲು ದಿವೇಕರರ ಪಕ್ಷ ಸೇರಿ ಎರಡು ತಾಸಿಗೊಮ್ಮೆ ತಿಂದರು. 'ಸ್ವಲ್ಪಸ್ವಲ್ಪ' ಎಂಬ ಮಾತು ಮಾತ್ರ ಅವರಿಗೆ ಕೇಳಿಸಿರಲಿಲ್ಲ. ಆಮೇಲೆ ದೀಕ್ಷಿತರ ಕಡೆಗೆ ಸರಿದರು. ದೀಕ್ಷಿತರು ಹೇಳಿದ್ದು 55 ನಿಮಿಷದೊಳಗೆ ಎಂದು. ಇವರು 55 ನಿಮಿಷವೂ ಉಂಡರು.

ಮೂರನೆಯದು ಈ ಹದಿನಾರು-ಎಂಟು. ಅಮೆರಿಕದಲ್ಲಿರುವ ಮಗ ಫೋನಿಗೆ ಇಳಿಸಿಕೊಟ್ಟದ್ದು. ಉಳಿದೆರಡಕ್ಕಿಂತ ಇದು ಸಾಹೇಬರ ಮನಸ್ಸಿಗೆ ಹಿಡಿಸಿತು. ಕಾರಣ ಅವರ ನೌಕರಿಯಲ್ಲಿದೆ. ಸರಕಾರಿ ಇಲಾಖೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಜೀವನ ಸವೆಸಿದವರು ಅವರು. ವರ್ಷವಿಡೀ ಮುಟ್ಟದ ಅನುದಾನವನ್ನು ಮಾರ್ಚ್ 31ರೊಳಗೆ ಖರ್ಚು ಹಾಕದಿದ್ದರೆ ಹಣ ವಾಪಸು ಹೋಗುತ್ತದೆಂಬ ಭಯ ಅವರ ರಕ್ತದಲ್ಲಿದೆ. ಈಗ ಆ ಮಾರ್ಚ್ 31 ದಿನಾ ಸಂಜೆ ಏಳೂವರೆಗೆ ಬರುತ್ತದೆ.

ಆ ಅರ್ಧ ತಾಸು ಅವರ ಮನೆಯಲ್ಲಿ ನಿಂತು ನೋಡಬೇಕು. ರೊಟ್ಟಿ, ಝುಣಕ, ಎಣ್ಣೆಗಾಯಿ ಮುಗಿದಿರುತ್ತದೆ. ಗಡಿಯಾರದಲ್ಲಿ ಏಳು ನಲವತ್ತು. 'ಇನ್ನಾ ಇಪ್ಪತ್ತ ಮಿನಿಟ ಅದಾವಲ್ಲ!' ಎಂದು ಸಾಹೇಬರು ಏಳುತ್ತಾರೆ. ಒಂದು ಬಾಳೆಹಣ್ಣು. ಹಣ್ಣು ಒಳ್ಳೆಯದು. ಒಂದು ಮುಷ್ಟಿ ಶೇಂಗಾ. ಅದರಲ್ಲಿ ಪ್ರೋಟೀನು ಇದೆ. ಏಳು ಐವತ್ತಕ್ಕೆ ಫ್ರಿಜ್ಜಿನಿಂದ ಕುಂದಾ ಬರುತ್ತದೆ, ಅದರಲ್ಲಿ ಏನಿದೆ ಎಂದು ಹೇಳಲು ಅವರಿಗೆ ಪುರಸೊತ್ತಿರುವುದಿಲ್ಲ. ಯಾರೋ ಹಾಲನ್ನು ಒಲೆಯ ಮೇಲೆ ಮರೆತದ್ದರಿಂದ ಕುಂದಾ ಹುಟ್ಟಿತು ಎಂದು ಊರಲ್ಲಿ ಒಂದು ಕಥೆಯಿದೆ. ಹೊತ್ತಿನ ಖಬರಿಲ್ಲದವನ ಕೈಯಿಂದ ಹುಟ್ಟಿದ ಸಿಹಿಯನ್ನು ಸಾಹೇಬರು ನಿಮಿಷ ಎಣಿಸುತ್ತ ತಿನ್ನುತ್ತಾರೆ. ಏಳು ಐವತ್ತೊಂಬತ್ತಕ್ಕೆ ಚಿವಡಾದ ಡಬ್ಬಿ. ಎಂಟಕ್ಕೆ ಫೋನು ಟಿಣ್ ಎನ್ನುತ್ತದೆ. ಬಾಯಿ ಒರೆಸಿಕೊಂಡು, 'ಸಂಯಮ ಅಂದ್ರ ಇದು ನೋಡ್ರಿ' ಎನ್ನುತ್ತಾರೆ. 'ನಾನೂ ಮೊದಲ ಮೂರ ಸಲಾ ಒಲಿ ಹಚ್ಚತಿದ್ದೆ, ಈಗ ಹನ್ನೆರಡರಿಂದ ಎಂಟರ ತನಕಾ ಆರಿಸೂದಽ ಇಲ್ಲ' ಎಂದು ಅವರ ಹೆಂಡತಿ, ನಮ್ಮ ವೈನಿಯವರು, ಒಳಗಿನಿಂದ ಹೇಳುತ್ತಾರೆ.

ಉಪವಾಸದ ವಿಷಯದಲ್ಲಿ ಕ್ಯಾಂಪಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದಂಡಿನ ಜೊತೆ ನಾಲ್ಕು ದಿಕ್ಕಿನ ಜನ ಬಂದು ನೆಲೆಸಿದ ಜಾಗ ಇದು. ಫಾತಿಮಾ ಕೆಥೆಡ್ರಲ್ಲಿಗೆ ಹೋಗುವ ಗೋವಾದ ಆಂಟಿ ಈಸ್ಟರಿಗೆ ಮೊದಲಿನ ನಲವತ್ತು ದಿನ ಮಾಂಸ ಬಿಡುತ್ತಾರೆ. ಅದು ಯಾರಿಗೂ ಗೊತ್ತಾಗುವುದಿಲ್ಲ, ಅವರ ಬೆಕ್ಕಿಗೆ ಬಿಟ್ಟರೆ. ಕೋಟೆಯೊಳಗಿನ ಕಮಲ ಬಸದಿ ಕಟ್ಟಿದ್ದು 1204ರಲ್ಲಿ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ನಿಯಮ ಅದಕ್ಕಿಂತಲೂ ಹಳೆಯದು, ಅದಕ್ಕೆ ಫೋನು ಚಾರ್ಜು ಮಾಡಬೇಕಿಲ್ಲ. ಪಕ್ಕದ ಮನೆಯ ಚಾಚಾನಿಗೆ ಹೋದ ರಮಜಾನಿನಲ್ಲಿ ಸಾಹೇಬರು ಕೇಳಿದರು, 'ನಿಮ್ಮದ ಎಷ್ಟ ತಾಸ ಆಕ್ಕೈತ್ರಿ?'

'ಹದಿಮೂರು, ಹದಿಮೂರೂವರಿ.'

'ನಂದ ಹದಿನಾರು.'

'ನೀರಽ ಇಲ್ದ?'

'ಏ, ನೀರ ಕುಡೀತೇನ್ರಿ. ಕರಿ ಚಾನೂ ನಡೀತೈತಿ.'

ಚಾಚಾ 'ಅಚ್ಛಾ' ಎಂದಷ್ಟೇ ಹೇಳಿ ಸುಮ್ಮನಾದರು. ಸಂಜೆ ಇಫ್ತಾರಿಗೆ ಕರೆದರು ಕೂಡ. ಸೂರ್ಯ ಮುಳುಗುವ ಹೊತ್ತು ಎಂಟರೊಳಗೇ ಬೀಳುವುದರಿಂದ ಸಾಹೇಬರಿಗೆ ಅಡ್ಡಿಯಿರಲಿಲ್ಲ. ಮಧ್ಯಾಹ್ನದಿಂದ ಉಂಡಿದ್ದವರು ದಿನವಿಡೀ ಉಂಡಿರದವರ ಸಮಕ್ಕೆ ಕೂತು ತಿಂದರು.

ಸೂರ್ಯ ಅನುಕೂಲ ಮಾಡಿಕೊಟ್ಟ. ಚಂದ್ರ ಮಾಡಿಕೊಡಲಿಲ್ಲ. ವೈನಿಯವರಿಗೆ ಸಂಕಷ್ಟಿ ತಪ್ಪದು. ದಿನವಿಡೀ ಉಪವಾಸ, ರಾತ್ರಿ ಚಂದ್ರ ಹುಟ್ಟಿದ ಮೇಲೆ ಗಣಪತಿಗೆ ಮೋದಕದ ನೈವೇದ್ಯ, ಆಮೇಲೆ ಊಟ. ಕೃಷ್ಣಪಕ್ಷದ ಚೌತಿಯ ಚಂದ್ರ ಎಂಟರೊಳಗೆ ಬರುವವನಲ್ಲ, ಒಮ್ಮೊಮ್ಮೆ ಒಂಬತ್ತೂವರೆ ಮಾಡುತ್ತಾನೆ. ಬೆಳಗಾವಿಯ ಮಳೆಗಾಲದಲ್ಲಂತೂ ಮುಖ ತೋರಿಸುವುದೇ ಇಲ್ಲ, ಗೋಡೆಯ ಕ್ಯಾಲೆಂಡರು ಹೇಳಿದ ಹೊತ್ತೇ ಗತಿ. ಸಾಹೇಬರು ಏಳೂವರೆಗೆ ಅಡುಗೆಮನೆಯ ಬಾಗಿಲಿಗೆ ಬಂದು, 'ನನ್ನವಷ್ಟು ಮೊದಲಽ ತಗದ ಕೊಡ್ತೀಯೇನು?' ಎಂದು ಕೇಳಿದರು. 'ದೇವರಿಗೆ ತೋರಿಸೂಕಿಂತ ಮೊದಲ? ಗಣಪತಿಕಿಂತ ನಿಮ್ಮ ಫೋನ್ ದೊಡ್ಡದಾತೇನು?' ಎಂದು ಉತ್ತರ ಬಂತು. ಒಂಬತ್ತೂವರೆಗೆ ಬಿಸಿ ಮೋದಕ, ಮೇಲೆ ತುಪ್ಪ. ಸಾಹೇಬರು ಎಷ್ಟು ತಿಂದರೆಂದು ನಾನು ಎಣಿಸಲಿಲ್ಲ. ಫೋನಿನಲ್ಲಿ ಊಟ ಮುಗಿದ ಹೊತ್ತನ್ನು ಅವರು 7.58 ಎಂದು ಬರೆದದ್ದನ್ನು ಮಾತ್ರ ನೋಡಿದೆ. ಹಿಂದಿನ ತಾರೀಖು ಹಾಕಿ ಬಿಲ್ಲು ಪಾಸು ಮಾಡುವ ಕೈ, ಅಷ್ಟು ಬೇಗ ಮರೆಯುತ್ತದೆಯೇ?

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನಡೆದದ್ದು ಖಾನಾಪುರದಲ್ಲಿ, ಅವರ ತಮ್ಮನ ಮಗಳ ಮದುವೆಯಲ್ಲಿ. ಕ್ಯಾಂಪಿನಿಂದ ಮುಕ್ಕಾಲು ತಾಸಿನ ದಾರಿ. ಒಂಬತ್ತಕ್ಕೆ ಮಂಟಪ ಮುಟ್ಟಿದೆವು. ಬಾಗಿಲಲ್ಲೇ ಬೀಗರ ಕಡೆಯ ಹುಡುಗ ಉಪ್ಪಿಟ್ಟು-ಶಿರಾದ ತಾಟು ಹಿಡಿದು ಬಂದ. ಸಾಹೇಬರು ಕೈ ಮುಗಿದು 'ನನಗ ಬ್ಯಾಡ' ಎಂದರು. ಹುಡುಗ ಒಳಗೆ ಹೋಗಿ ಹೇಳಿದ. ಹುಡುಗನ ಅಣ್ಣ ಬಂದ. 'ಬ್ಯಾಡ.' ಅಣ್ಣನ ಸೋದರಮಾವ ಬಂದರು. 'ಬ್ಯಾಡ್ರಿ, ಖರೇನ ಬ್ಯಾಡ.' ನಮ್ಮ ಕಡೆ ಹೆಣ್ಣಿನ ದೊಡ್ಡಪ್ಪ ಮದುವೆಮನೆಯಲ್ಲಿ ನಾಷ್ಟಾ ಮುಟ್ಟುವುದಿಲ್ಲ ಎಂದರೆ ಅದಕ್ಕೆ ಒಂದೇ ಅರ್ಥ. ಹತ್ತು ನಿಮಿಷದಲ್ಲಿ ಮಂಟಪದ ಮೂಲೆಮೂಲೆಗೆ ಸುದ್ದಿ ಹಬ್ಬಿತು: ಕ್ಯಾಂಪಿನವರು ಸಿಟ್ಟಾಗಿದ್ದಾರೆ. ಆಹೇರಿನ ಶಾಲು ಕಡಿಮೆ ಬೆಲೆಯದಾಯಿತಂತೆ. ಅಲ್ಲ, ಕರೆಯಲು ಹೋದಾಗ ಮೊದಲು ಚಿಕ್ಕವರ ಮನೆಗೆ ಹೋಗಿದ್ದರಂತೆ. ಇಬ್ಬರು ಹಿರಿಯರು ಇಪ್ಪತ್ತು ವರ್ಷದ ಹಿಂದಿನ ಹೊಲದ ತಕರಾರನ್ನೂ ಹೊರಗೆ ತೆಗೆದರು. ಕೊನೆಗೆ ವರನ ತಂದೆಯೇ ಬಂದು, ಪೇಟ ಸರಿಪಡಿಸಿಕೊಂಡು, 'ನಮ್ಮಿಂದ ಏನರೆ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ' ಎಂದರು.

'ಹೊಟ್ಟ್ಯಾಗ ಏನೂ ಹಾಕ್ಕೊಳ್ಳೂಹಂಗಿಲ್ರಿ, ಹನ್ನೆರಡರ ತನಕಾ' ಎಂದರು ಸಾಹೇಬರು, ಪ್ರಾಮಾಣಿಕವಾಗಿ.

ಬೀಗರ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿಯೊಬ್ಬಳು ಕೂತಲ್ಲಿಂದಲೇ ಕೇಳಿದಳು: 'ಶುಗರ್ ಐತೇನಪಾ?'

ಹೌದೆಂದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಸಕ್ಕರೆ ಕಾಯಿಲೆಗೆ ಮದುವೆಮನೆಯಲ್ಲಿ ಗೌರವವಿದೆ, ಪ್ರತ್ಯೇಕ ಚಹಾವಿದೆ. ಆದರೆ ಸಾಹೇಬರಿಗೆ ಅವಮಾನವಾಯಿತು. 'ನನಗ ಯಾವ ರೋಗಾನೂ ಇಲ್ಲವಾ. ತೂಕಾ ಇಳಸಾಕ ಮಾಡಾಕತ್ತೇನಿ.'

'ಎಷ್ಟ ಇಳದೈತಿ?'

'ಎರಡ ಕಿಲೋ.'

ಅಜ್ಜಿ ಅವರನ್ನು ಮೇಲಿನಿಂದ ಕೆಳಗೆ, ಆ ಕಡೆಯಿಂದ ಈ ಕಡೆ ನಿಧಾನ ನೋಡಿದಳು. 'ಯಾವ ಕಡಿಂದ?' ಎಂದಳು.

ಹನ್ನೆರಡೂವರೆಯ ಮುಹೂರ್ತಕ್ಕೆ ಅಕ್ಷತೆ ಬಿದ್ದವು. ಮೊದಲ ಪಂಕ್ತಿಯ ಮೊದಲ ಎಲೆಯಲ್ಲಿ ಸಾಹೇಬರು ಕೂತಿದ್ದರು. ಮಂಡಿಗೆ ಬಡಿಸುವವನು ಅವರ ಮುಂದೆ ನಿಂತಷ್ಟು ಹೊತ್ತು ಬೇರೆ ಯಾರ ಮುಂದೆಯೂ ನಿಲ್ಲಲಿಲ್ಲ. ಬೀಗರ ಜೀವ ತಣ್ಣಗಾಯಿತು.

ಸಾಹೇಬರ ವಾದಕ್ಕೆ ಸಾಕ್ಷಿಗಳಿಲ್ಲವೆಂದಲ್ಲ. ಟಿಳಕವಾಡಿಯ ಕಡೆ ವಾಕಿಂಗ್ ಹೋದರೆ ವೀರಸೌಧದ ಮುಂದೆ ನಿಲ್ಲಿಸುತ್ತಾರೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಕೂತ ಒಂದೇ ಅಧಿವೇಶನ ನಡೆದದ್ದು ಇಲ್ಲಿ. ಅದಕ್ಕೆ ಎರಡೂವರೆ ತಿಂಗಳು ಮೊದಲಷ್ಟೇ ದಿಲ್ಲಿಯಲ್ಲಿ ಹಿಂದೂ-ಮುಸ್ಲಿಂ ಒಗ್ಗಟ್ಟಿಗಾಗಿ 21 ದಿನದ ಉಪವಾಸ ಮುಗಿಸಿ ಬಂದಿದ್ದರು. 'ಅವರೂ ಕತ್ತಲಾದ ಮ್ಯಾಲ ಉಣ್ತಿದ್ದಿಲ್ರಿ' ಎನ್ನುತ್ತಾರೆ ಸಾಹೇಬರು. ಮಾತು ನಿಜ. 1915ರಲ್ಲಿ ಹರಿದ್ವಾರದ ಕುಂಭಮೇಳದಲ್ಲಿ ಗಾಂಧೀಜಿ ಆ ವ್ರತ ಹಿಡಿದರು. ಅದೇ ದಿನ, ಅದೇ ಉಸಿರಿನಲ್ಲಿ ಇನ್ನೊಂದು ವ್ರತವನ್ನೂ ಹಿಡಿದಿದ್ದರು: ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥ ಮುಟ್ಟುವುದಿಲ್ಲ ಎಂದು. ಅದನ್ನು ನಾನು ನೆನಪಿಸಿದಾಗ ಸಾಹೇಬರಿಗೆ ರಸ್ತೆಯಾಚೆ ಯಾರೋ ಪರಿಚಯದವರು ಕಂಡರು.

ಗಾಂಧೀಜಿ ಸಾಲದಿದ್ದರೆ ಜಪಾನು. 'ಈ ಉಪವಾಸಕ್ಕ ಜಪಾನದವ್ರಿಗೆ ನೋಬೆಲ್ ಕೊಟ್ಟಾರ್ರಿ!' 2016ರಲ್ಲಿ ಯೋಶಿನೋರಿ ಓಸುಮಿ ಅವರಿಗೆ ಬಂದದ್ದು ನಿಜ. ಜೀವಕೋಶ ತನ್ನೊಳಗಿನ ಹಳೆಯ ಸಾಮಾನನ್ನು ತಾನೇ ಒಡೆದು ಮತ್ತೆ ಬಳಸಿಕೊಳ್ಳುವುದು ಹೇಗೆ ಎಂಬುದನ್ನು ಅವರು ಬಿಡಿಸಿ ತೋರಿಸಿದರು. ಉಪವಾಸ ಕೆಡವಿ ಅವರು ನೋಡಿದ್ದು ಮನುಷ್ಯರನ್ನಲ್ಲ, ಯೀಸ್ಟನ್ನು. ಕ್ಯಾಂಪಿನ ಬೇಕರಿಗಳಲ್ಲಿ ಪಾವು ಉಬ್ಬಿಸುವ ಅದೇ ಯೀಸ್ಟು. ಅದರ ಹೊಟ್ಟೆ ಇಳಿಯಿತೆಂದು ಓಸುಮಿ ಎಲ್ಲೂ ಹೇಳಿಲ್ಲ.

ತೂಕದ ಪ್ರಶ್ನೆಯನ್ನೇ ಹಿಡಿದು ಮನುಷ್ಯರ ಮೇಲೆ ನಡೆಸಿದ ಪರೀಕ್ಷೆಗಳೂ ಇವೆ. 2020ರಲ್ಲಿ ಪ್ರಕಟವಾದ, ಅಮೆರಿಕದಲ್ಲಿ 116 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಒಂದು ಗುಂಪು ಉಂಡದ್ದು ಸರಿಯಾಗಿ ಸಾಹೇಬರ ಹೊತ್ತಿಗೇ, ಮಧ್ಯಾಹ್ನ 12ರಿಂದ ರಾತ್ರಿ 8. ಮೂರು ಹೊತ್ತು ಉಂಡವರಿಗೂ ಇವರಿಗೂ ಇಳಿದ ತೂಕದಲ್ಲಿ ಹೇಳಿಕೊಳ್ಳುವ ಅಂತರವಿರಲಿಲ್ಲ. 2022ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ 139 ಜನರನ್ನು ಒಂದು ವರ್ಷ ನೋಡಿದರು. ಎರಡೂ ಗುಂಪಿಗೆ ಒಂದೇ ಅಳತೆಯ ಕಡಿಮೆ ಊಟ, ಒಂದಕ್ಕೆ ಮಾತ್ರ ಗಡಿಯಾರದ ಕಟ್ಟು. ಎರಡೂ ಗುಂಪಿನವರು ಇಳಿದರು. ಗಡಿಯಾರದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಇದನ್ನು ಹೇಳಿದಾಗ ಸಾಹೇಬರು ಸ್ವಲ್ಪ ಹೊತ್ತು ಯೋಚಿಸಿ, 'ಚೀನಾದ ಗಡಿಯಾರ ಬರೋಬ್ಬರಿ ಇರೂದಿಲ್ರಿ' ಎಂದರು.

ಅವರಿಗೆ ಲಾಭವೇ ಆಗಿಲ್ಲ ಎಂದರೆ ಅನ್ಯಾಯವಾದೀತು. ರಾತ್ರಿ ಹತ್ತಕ್ಕೆ ಟೀವಿ ನೋಡುತ್ತ ಫರಸಾಣ ಮೆಲ್ಲುವುದು ನಿಂತಿದೆ, ಎದೆಯುರಿಯ ಗುಳಿಗೆಯೂ ನಿಂತಿದೆ. ಆ ಎರಡು ಕಿಲೋ ಕೂಡ ಸುಳ್ಳಲ್ಲ; ಏಪ್ರಿಲಿನಲ್ಲಿ ರತ್ನಾಗಿರಿಯ ಆಪೂಸು ಬಂದಾಗ ಅದು ತಿರುಗಿ ಬಂತು ಅಷ್ಟೆ. ಹೊತ್ತು ಕಟ್ಟಿದರೆ ಕೆಲವರ ಕೈಗೆ ತಡೆ ಬೀಳುತ್ತದೆ, ಆಗ ತಿನ್ನುವುದು ಕಡಿಮೆಯಾಗಿ ತೂಕ ಇಳಿಯುತ್ತದೆ. ಉಳಿದವರಿಗೆ ಗಡಿಯಾರ ಬರೀ ಗಡಿಯಾರ. ಸಕ್ಕರೆ ಕಾಯಿಲೆಗೆ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಸಾಹೇಬರ ಮಾತು ಕೇಳಿ ಊಟ ಬಿಡಬೇಡಿ, ಮೊದಲು ಡಾಕ್ಟರನ್ನು ಕೇಳಿ.

ಇಷ್ಟಾದ ಮೇಲೂ ಅವರನ್ನು ನೋಡಬೇಕೆನಿಸಿದರೆ ಸಂಜೆ ಏಳೂವರೆಗೆ ಹೋಗಿ. ಕುಂದಾ ಇರುತ್ತದೆ, ಚಿವಡಾ ಇರುತ್ತದೆ, ಒಬ್ಬರೇ ತಿನ್ನುವ ಮುಜುಗರ ತಪ್ಪಿತೆಂದು ಸಾಹೇಬರು ನಿಮಗೂ ಬಲವಂತದಿಂದ ಬಡಿಸುತ್ತಾರೆ. ಎಂಟು ಗಂಟೆ ಐದು ನಿಮಿಷಕ್ಕೆ ಹೋದಿರೋ, ಜೀರಿಗೆ ನೀರು ಮತ್ತು ಜಪಾನಿನ ನೋಬೆಲ್, ಇವೆರಡೇ ಸಿಗುವುದು.