ಬಿದ್ದಲ್ಲೇ ಗುರಿ

ಬಂದೂಕಿಗೆ ಸ್ಕೋಪು ಕೂರಿಸಿದರೆ ಗುರಿ ತಾನಾಗಿ ಬರುತ್ತದೆ ಎಂದು ನಂಬಿದವರಲ್ಲಿ ನನ್ನ ಬಾಮೈದನೂ ಒಬ್ಬ. ಟೆಕ್ಸಸ್‌ನಲ್ಲಿ ಸಾಫ್ಟ್‌ವೇರ್ ಬರೆದುಕೊಂಡು, ಅಲ್ಲಿಯ ಪ್ರಜೆಯೂ ಆಗಿ, ವಾರಕ್ಕೊಮ್ಮೆ ಹುಲ್ಲು ಕತ್ತರಿಸಿಕೊಂಡು ಸುಖವಾಗಿದ್ದವನು, ಐವತ್ತು ತುಂಬುತ್ತಲೇ ಒಂದು ರಷ್ಯನ್ ಬಂದೂಕು ಕೊಂಡ. ಮೋಸಿನ್-ನಾಗಾಂಟ್ ಎಂದು ಹೆಸರು. 1891ರಲ್ಲಿ ಝಾರ್ ದೊರೆಯ ಸೈನ್ಯಕ್ಕೆ ಸೇರಿ, ದೊರೆ ಹೋದರೂ ತಾನು ಹೋಗದೆ, ಎರಡು ಮಹಾಯುದ್ಧ ಮುಗಿಸಿದ ವಂಶ ಅದರದು. ಇವನ ಬಂದೂಕಿನ ನಳಿಗೆಯ ಮೇಲೆ 1943 ಎಂದು ಕೊರೆದಿದೆ. ಅಂದರೆ ನನಗಿಂತ ಹಿರಿಯರು. ಮುಟ್ಟುವ ಮುಂಚೆ ನಮಸ್ಕಾರ ಮಾಡಬೇಕೇನೋ ಅನ್ನಿಸಿತು.

ಮುಟ್ಟುವ ಪ್ರಮೇಯ ಬರಲಿಲ್ಲವೆನ್ನಿ. ಬೇಟೆಯ ಪರವಾನಗಿಯಂಥ ವಿನಾಯಿತಿ ಇಲ್ಲದ ನನ್ನಂಥ ಪ್ರವಾಸಿ ವೀಸಾದವರು ಅಮೆರಿಕದಲ್ಲಿ ಬಂದೂಕು ಹಿಡಿಯುವಂತಿಲ್ಲ. ನೋಡುವುದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಪ್ರತಿ ಶನಿವಾರ ಶೂಟಿಂಗ್ ರೇಂಜಿನಲ್ಲಿ, ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು, ಮುಕ್ಕಾಲಿಯ ದುರ್ಬೀನಿನಲ್ಲಿ ಟಾರ್ಗೆಟ್ ಹಾಳೆ ನೋಡಿ, ಗುಂಡು ಎಲ್ಲಿ ಬಿತ್ತೆಂದು ಬರೆದುಕೊಳ್ಳುವ ಕೆಲಸ ನನಗೆ ಬಿತ್ತು. ಬ್ಯಾಂಕಿನಲ್ಲಿ ಮೂರು ದಶಕ ಲೆಡ್ಜರ್ ಬರೆದವನಿಗೆ ಇದಕ್ಕಿಂತ ಒಗ್ಗುವ ಯುದ್ಧಸೇವೆ ಇನ್ನೊಂದಿಲ್ಲ.

ಸ್ಕೋಪಿನ ಹೆಸರು ಪಿಯು. ಕೈಗೆ ಸಿಗುವುದು ಗೇಣುದ್ದದ ಕೊಳವೆ. ದೂರದ್ದನ್ನು ಮೂರೂವರೆ ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಅದನ್ನು ಬಂದೂಕಿನ ತಲೆಯ ಮೇಲೆ ಕೂರಿಸಿದ್ದರಿಂದ ಆದ ಅನಾನುಕೂಲಗಳೇ ಒಂದು ಪುರಾಣ. ಮಾಮೂಲಿ ಸಿಪಾಯಿ ಐದು ತೋಟಾಗಳನ್ನು ಒಂದು ಪಟ್ಟಿಗೆ ಸಿಕ್ಕಿಸಿ ಒಂದೇ ಸಲಕ್ಕೆ ಒತ್ತಿಬಿಡುತ್ತಿದ್ದ. ಇಲ್ಲಿ ಸ್ಕೋಪು ಅಡ್ಡ, ಒಂದೊಂದಾಗಿ ತುಂಬಬೇಕು. ನೇರವಾಗಿದ್ದ ಬೋಲ್ಟಿನ ಹಿಡಿ ಸ್ಕೋಪಿಗೆ ಬಡಿಯುತ್ತದೆಂದು ಅದನ್ನು ಉದ್ದ ಮಾಡಿ ಕೆಳಕ್ಕೆ ಬಗ್ಗಿಸಿದರು. ಮರದ ಹಿಂಬದಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದು ನಳಿಗೆಯ ಮೇಲಿನ ತಗ್ಗಾದ ಕಬ್ಬಿಣದ ಗುರಿಗೆ ಕೆತ್ತಿದ ಮರ. ಎತ್ತರದ ಸ್ಕೋಪಿಗೆ ಕಣ್ಣು ಹೊಂದಿಸಬೇಕಾದರೆ ಕೆನ್ನೆಯನ್ನು ಗಾಳಿಯಲ್ಲಿ ತೇಲಿಸಿಕೊಂಡಿರಬೇಕು. ಬಾಮೈದ ಅದರ ಮೇಲೊಂದು ಟವೆಲು ಸುತ್ತಿದ. ಸ್ಟಾಲಿನ್‌ಗ್ರಾಡಿನಲ್ಲಿ ಹೋರಾಡಿದ ಜಾತಿಯ ಬಂದೂಕು ನಮ್ಮ ಬಚ್ಚಲುಮನೆಯಿಂದ ಎದ್ದುಬಂದಂತೆ ಕಂಡಿತು.

ಮೊದಲ ಹೆಜ್ಜೆ ಸುಲಭ. ಬೋಲ್ಟನ್ನು ಹೊರಗೆಳೆದು, ಬಂದೂಕನ್ನು ಮರಳುಚೀಲದ ಮೇಲೆ ಮಲಗಿಸಿ, ಹಿಂದಿನಿಂದ ನಳಿಗೆಯೊಳಗೇ ಇಣುಕಬೇಕು. 25 ಗಜ ದೂರದ ಹಾಳೆಯ ಚುಕ್ಕೆ ತೂತಿನ ನಡುವೆ ಬರುವಂತೆ ಚೀಲವನ್ನು ಸರಿಸಬೇಕು. ಆಮೇಲೆ ಬಂದೂಕನ್ನು ಅಲುಗಿಸದೆ ಸ್ಕೋಪಿನಲ್ಲಿ ನೋಡಬೇಕು. ನಳಿಗೆಗೆ ಕಂಡದ್ದೇ ಸ್ಕೋಪಿಗೂ ಕಂಡರೆ ಅರ್ಧ ಕೆಲಸ ಮುಗಿಯಿತು. ಬಾಮೈದ ನೋಡಿದ. ನಳಿಗೆಗೆ ಚುಕ್ಕೆ ಕಾಣುತ್ತಿತ್ತು. ಸ್ಕೋಪಿಗೆ ಪಕ್ಕದವರ ಟಾರ್ಗೆಟ್ಟು.

“ಭಾವ, ಬಂದೂಕು ಸರಿಯಾಗಿದೆ, ಸ್ಕೋಪಿಗೇ ಏನೋ ಆಗಿದೆ.”

“ಸ್ಕೋಪನ್ನು ಕೇಳಿದರೆ ಬಂದೂಕಿಗೆ ಏನೋ ಆಗಿದೆ ಅನ್ನುತ್ತೇನೋ” ಎಂದೆ.

ಸ್ಕೋಪಿನ ಮೇಲೊಂದು, ಪಕ್ಕಕ್ಕೊಂದು ತಿರುಗಣಿ ಇವೆ. ಮೇಲಿನದು ದೂರಕ್ಕೆ: 1ರಿಂದ 13, ಅಂದರೆ 1300 ಮೀಟರಿನವರೆಗೆ. ಪಕ್ಕದ್ದು ಎಡಬಲಕ್ಕೆ. ಇದರ ತತ್ತ್ವ ಕೇಳಿದ ಮೇಲೆ ನನಗೆ ಈ ವಿದ್ಯೆಯ ಮೇಲೆ ಗೌರವ ಹುಟ್ಟಿತು. ಗುಂಡು ಎಡಕ್ಕೆ ಬಿದ್ದರೆ ಸ್ಕೋಪಿನೊಳಗೆ ಗುರಿ ತೋರಿಸುವ ಮೊಳೆಯನ್ನೂ ಎಡಕ್ಕೇ ಒಯ್ಯಬೇಕಂತೆ. ಗುಂಡಿಗೆ ಯಾರೂ ಬುದ್ಧಿ ಹೇಳುವುದಿಲ್ಲ. ಅದು ಎಲ್ಲಿ ಬೀಳುತ್ತದೋ ಅಲ್ಲಿಗೆ ಗುರಿಯನ್ನೇ ಎತ್ತಿಕೊಂಡು ಹೋಗಿ ಇಡುವುದು. ಮಾರ್ಚ್ ಕೊನೆಯ ವಾರದಲ್ಲಿ ಠೇವಣಿ ಎಷ್ಟು ಬಂದಿದೆಯೋ ನೋಡಿಕೊಂಡು ಶಾಖೆಯ ಗುರಿಯನ್ನು ‘ಪರಿಷ್ಕರಿಸುತ್ತಿದ್ದ’ ನಮ್ಮ ಮ್ಯಾನೇಜರರು ಕೆಂಪು ಸೈನ್ಯದಲ್ಲಿ ಬಹಳ ಮೇಲಕ್ಕೆ ಹೋಗುತ್ತಿದ್ದರು.

ಲೆಕ್ಕದ ತಂಟೆಯೇ ಬೇರೆ. ರೇಂಜಿನವರು ಅಳೆಯುವುದು ಗಜ, ಅಂಗುಲಗಳಲ್ಲಿ. ಅವರು ಡಿಗ್ರಿಯನ್ನು ಅರುವತ್ತು ಪಾಲು ಮಾಡಿ ಮಿನಿಟೆನ್ನುತ್ತಾರೆ. 100 ಗಜದಲ್ಲಿ ಒಂದು ಮಿನಿಟೆಂದರೆ ಒಂದು ಅಂಗುಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಸೋವಿಯತ್ತಿನವರು ಇಡೀ ವೃತ್ತವನ್ನು 6000 ಪಾಲು ಮಾಡಿದರು. ಅವರ ಒಂದು ಪಾಲು 100 ಮೀಟರಿನಲ್ಲಿ ಸುಮಾರು 10 ಸೆಂಟಿಮೀಟರು. ಬಾಮೈದ ಅಂಗುಲದಲ್ಲಿ ಕೂಗುತ್ತಿದ್ದ, ನಾನು ಸೆಂಟಿಮೀಟರಿಗೆ ಇಳಿಸಿ ಪಾಲು ಹಾಕುತ್ತಿದ್ದೆ. ಶೀತಲ ಸಮರದ ಕೊನೆಯ ಕಂತು ನನ್ನ ನೋಟ್‌ಪುಸ್ತಕದಲ್ಲಿ ನಡೆಯುತ್ತಿತ್ತು.

ತಿರುಗಿಸಿ ತಿರುಗಿಸಿ ಮೊಳೆ ನೋಟದ ಮೂಲೆಗೆ ಹೋಗಿ ನಿಂತಿತು. ಈಗಿನ ಸ್ಕೋಪುಗಳಲ್ಲಿ ಏನೇ ತಿರುಗಿಸಿದರೂ ಮೊಳೆ ನಡುವೆಯೇ ಇದ್ದಂತೆ ತೋರುತ್ತದೆ. ಪಿಯುವಿಗೆ ಅಂಥ ಸಂಕೋಚವಿಲ್ಲ. ಅಷ್ಟು ಹೊತ್ತಿಗೆ ಪಕ್ಕದ ಮೇಜಿನ ಟೋಪಿಯ ತಾತ ಎದ್ದು ಬಂದ. ಪುಕ್ಕಟೆ ಸಲಹೆಗೆ ಯಾವ ದೇಶದಲ್ಲೂ ಬರವಿಲ್ಲ ನೋಡಿ. ತಿರುಗಣಿಗಳನ್ನು ಬಿಟ್ಟು ಸ್ಕೋಪು ಹೊತ್ತ ಕಬ್ಬಿಣದ ಚೌಕಟ್ಟನ್ನು ಸರಿಮಾಡಿ ಎಂದ. ಅವನ ಮಾತು ನಿಜವಾಗಿತ್ತು. ಮೇಲೆ ಕೆಳಗೆ ಸರಿಸಲು ಅಲ್ಲಿ ಎದುರುಬದುರು ಎರಡು ತಿರುಪು; ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿ ಮಾಡಬೇಕು. ಎಡಬಲಕ್ಕೆ ತಿರುಪೇ ಇಲ್ಲ. ಕಾರ್ಖಾನೆಯವರು ಅರ ಹಾಕಿ ಉಜ್ಜಿ ಕೂರಿಸುತ್ತಿದ್ದರಂತೆ. ತಾತ ಖಾಲಿ ಸೋಡಾ ಡಬ್ಬದ ತಗಡು ಕತ್ತರಿಸಿ ಸಂದಿಗೆ ತುರುಕಿಕೊಟ್ಟ. ಗುಂಡು ನಡುವಿನ ವೃತ್ತಕ್ಕೆ ಬಂತು.

ಇಷ್ಟೆಲ್ಲ ನೋಡಿದ ಮೇಲೆ ಫಿನ್‌ಲ್ಯಾಂಡಿನ ಗುರಿಕಾರ ಸಿಮೊ ಹೈಹನ ಮೇಲೆ ನನಗೆ ಭಕ್ತಿ ಹೆಚ್ಚಿತು. 1939-40ರ ಚಳಿಗಾಲದ ಯುದ್ಧದಲ್ಲಿ ಇದೇ ವಂಶದ ಬಂದೂಕು ಹಿಡಿದಿದ್ದವನು, ಸ್ಕೋಪು ಬೇಡವೆಂದು ಬರಿಯ ಕಬ್ಬಿಣದ ಗುರಿಯಲ್ಲೇ ಹೆಸರು ಮಾಡಿದ. ಗಾಜು ಬಿಸಿಲಿಗೆ ಮಿಂಚುತ್ತದೆ, ತಲೆಯನ್ನೂ ಎತ್ತರಿಸಬೇಕಾಗುತ್ತದೆ ಎಂಬುದು ಅವನ ಕಾರಣ. ಅಷ್ಟು ದೂರ ಯಾಕೆ, ನಮ್ಮ ಕೊಡಗಿನವರು ಕೈಲ್ ಮುಹೂರ್ತದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಹೊಡೆದು ಬೀಳಿಸುವಾಗ ಯಾರೂ ನೋಟ್‌ಪುಸ್ತಕ ಇಟ್ಟುಕೊಂಡಿರುವುದಿಲ್ಲ. ಇದನ್ನು ಬಾಮೈದನಿಗೆ ಹೇಳಿದೆ. “ಅವರಿಗೆ ಕಾಯಿ ಬೇಕು ಭಾವ, ನನಗೆ ನಿಖರತೆ ಬೇಕು” ಎಂದ.

ಮಧ್ಯಾಹ್ನಕ್ಕೆ ದಣಿದು ಕೂತಾಗ, ಅವನಕ್ಕ ತುಂಬಿಸಿಕೊಟ್ಟಿದ್ದ ಫ್ಲಾಸ್ಕಿಗೆ ಕೈ ಹಾಕಿದೆ. “ಅದು ನಿಮಗಲ್ಲ!” ಎಂದು ಕಿತ್ತುಕೊಂಡ. ಒಂದು ಕಾಲಕ್ಕೆ ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಸೋವಿಯತ್ ತೋಟಾಗಳು ಸಿಡಿದಾಗ ನಳಿಗೆಯಲ್ಲಿ ಉಪ್ಪು ಉಳಿಯುತ್ತದೆ, ಬಿಸಿನೀರು ಹೊಯ್ದು ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ. ಹಬೆಯಾಡುವ ನೀರು ಧಾರೆಯಾಗಿ ಬಂದೂಕಿನ ಗಂಟಲಿಗೆ ಇಳಿಯಿತು. ಭಾವನಿಗೆ ಬಾಟಲಿಯ ತಣ್ಣೀರು.

ಕೊನೆಗೊಂದು ಶನಿವಾರ 100 ಗಜದಲ್ಲಿ ಮೂರು ಗುಂಡುಗಳು ಒಂದು ಅಂಗೈಯಡಿ ಮುಚ್ಚುವಷ್ಟು ಹತ್ತಿರ ಬಿದ್ದವು. ತಾತ ಟೋಪಿ ಎತ್ತಿದ. ನಾನು ಲೆಡ್ಜರ್ ಮುಗಿಸುವಾಗಿನ ಅಭ್ಯಾಸದಂತೆ ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದೆ. ಊರಿಗೆ ಹೊರಡುವ ಟಿಕೆಟ್ಟು ಮುಂದಿನ ಶುಕ್ರವಾರಕ್ಕಿತ್ತು.

ಮನೆ ಬಾಗಿಲಲ್ಲಿ ಉದ್ದನೆಯ ಪೊಟ್ಟಣವೊಂದು ಕಾಯುತ್ತಿತ್ತು. ಬಿಚ್ಚಿದರೆ ಅದೇ ಬಂದೂಕಿನ ಬಯೊನೆಟ್ಟು. ಮಾಮೂಲಿ ಸಿಪಾಯಿಗಳ ಬಂದೂಕನ್ನು ರಷ್ಯನ್ನರು ಬಯೊನೆಟ್ಟು ಸಿಕ್ಕಿಸಿಯೇ ಗುರಿ ಹೊಂದಿಸುತ್ತಿದ್ದರಂತೆ. ಅದನ್ನು ತೆಗೆದರೂ ಹಾಕಿದರೂ ಗುಂಡು ಬೀಳುವ ಜಾಗ ಬದಲಾಗುತ್ತದಂತೆ.

“ಸ್ಕೋಪಿನ ಬಂದೂಕಿಗೆ ಇದ್ಯಾಕೋ?” ಎಂದೆ.

“ಹಾಕಿದರೆ ಎಷ್ಟು ಸರಿಯುತ್ತೆ ಅಂತ ನೋಡೋಣ ಅಂತ. ಟಿಕೆಟ್ ಒಂದು ವಾರ ಮುಂದಕ್ಕೆ ಹಾಕಿಸಲಾ, ಭಾವ?”

ಒಳಗಿನಿಂದ ಅವನಕ್ಕ “ಎರಡು ವಾರ ಹಾಕಿಸು” ಎಂದಳು.