ಏಳನೆಯ ಸಹಿ

ಕರ್ನಾಟಕದಲ್ಲಿ ಒಂದು ಸಂಘ ನೋಂದಣಿಯಾಗಬೇಕಾದರೆ ಕನಿಷ್ಠ ಏಳು ಜನ ಬೇಕು. 1960ರ ಸಂಘಗಳ ನೋಂದಣಿ ಕಾಯ್ದೆಯ ಲೆಕ್ಕ ಅದು. ಏಳೇ ಏಕೆ ಎಂಬುದು ನನಗೆ ಅನುಭವದಿಂದ ಹೊಳೆದಿದೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಸಹಕಾರ್ಯದರ್ಶಿ, ಖಜಾಂಚಿ ಅಂತ ಐದು ಜನ ಕುರ್ಚಿಗೆ ಹೋದರು. ಆರನೆಯವನು ಅವರ ಹೆಸರು ಸೂಚಿಸಬೇಕು, ಏಳನೆಯವನು ಅನುಮೋದಿಸಬೇಕು. ನಾನು ಹುಟ್ಟಾ ಏಳನೆಯವನು. ಗಣೇಶೋತ್ಸವ ಸಮಿತಿ, ಕೇರಂ ಬಳಗ, ಬೀದಿನಾಯಿಗಳನ್ನು ಸಾಗಹಾಕುವ ಹೋರಾಟ ಸಮಿತಿ, ಅದೇ ನಾಯಿಗಳನ್ನು ಉಳಿಸುವ ಇನ್ನೊಂದು ಸಮಿತಿ, ಎಲ್ಲದರ ಕಾಗದದ ಕೊನೆಯಲ್ಲೂ ನನ್ನ ಸಹಿ ಇದೆ.

ಜನ ಯಾಕೆ ಗುಂಪು ಕಟ್ಟುತ್ತಾರೆ ಎಂದರೆ ಸಮಾನ ಉದ್ದೇಶ, ಸಮಾನ ಅಭಿರುಚಿ ಎಂದು ಭಾಷಣ ಮಾಡುವವರಿದ್ದಾರೆ. ಅವರು ಅಚ್ಚಾದ ಬೈಲಾ ಓದಿದವರು. ನಾನು ಅದನ್ನು ಬರೆಯುವಾಗ ಪಕ್ಕದಲ್ಲಿ ಕೂತು ಕಾಫಿ ಕುಡಿದವನು. ಗುಂಪು ಮೊದಲು ಹುಟ್ಟುತ್ತದೆ. ಉದ್ದೇಶವನ್ನು ಆಮೇಲೆ ಎಲ್ಲಿಂದಲೋ ಹುಡುಕಿ ತರುತ್ತಾರೆ.

ನಮ್ಮ ಬಡಾವಣೆಯ ಪಾರ್ಕನ್ನೇ ನೋಡಿ. ಬೆಳಿಗ್ಗೆ ಆರಕ್ಕೆ ಅಲ್ಲಿಗೆ ಬರುವವರೆಲ್ಲ ಡಾಕ್ಟರು ಅಟ್ಟಿದವರು. ಶುಗರ್ರು, ಬಿಪಿ, ಹೊಟ್ಟೆ. ಇಷ್ಟು ಸಮಾನ ಉದ್ದೇಶ ಬೇರೆಲ್ಲೂ ಸಿಗದು. ಆದರೂ ಒಂದೇ ದಿಕ್ಕಿಗೆ ನಡೆಯುವ ಇಬ್ಬರು ವರ್ಷಗಟ್ಟಲೆ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಿಕೊಂಡೇ ಇದ್ದುಬಿಡುತ್ತಾರೆ. ಪರಿಚಯವಾಗುವುದು ಎದುರು ದಿಕ್ಕಿನವರದು, ಏಕೆಂದರೆ ಒಂದು ಸುತ್ತಿಗೆ ಎರಡು ಸಲ ಮುಖ ಕೊಡಲೇಬೇಕು. ಮೊದಮೊದಲು ನೋಡಿಯೂ ನೋಡದ ಹಾಗೆ. ಆಮೇಲೆ ಕತ್ತು ಅಲ್ಲಾಡುತ್ತದೆ. ಆಮೇಲೆ, ಕಣ್ಣೆದುರೇ ನಡೆಯುತ್ತಿರುವವರನ್ನು ಹಿಡಿದು ‘ಏನ್ ಸಾರ್, ವಾಕಿಂಗಾ?’ ಎಂದು ಕೇಳುವುದು. ಕೊನೆಗೆ ‘ತಮ್ಮದು ಯಾವ ಡಿಪಾರ್ಟ್‌ಮೆಂಟು?’ ನಿವೃತ್ತರ ಲೋಕದಲ್ಲಿ ಇಲಾಖೆ ಮೊದಲು, ಹೆಸರು ಆಮೇಲೆ. ಎಷ್ಟೋ ಸಲ ಹೆಸರು ಬರುವುದೇ ಇಲ್ಲ. ಹೀಗೆ ತಹಸೀಲ್ದಾರರು, ಕೆಇಬಿಯವರು, ಬ್ಯಾಂಕಿನವರು, ಧಾರವಾಡದಿಂದ ಮಗನ ಮನೆಗೆ ಬಂದ ಮಾಸ್ತರರು, ನಾಲ್ವರೂ ಒಂದು ಕಲ್ಲುಬೆಂಚಿನ ಮೇಲೆ ಕೂತರು. ಅಂದು ವಾಕಿಂಗ್ ನಿಂತಿತು, ಗುಂಪು ಹುಟ್ಟಿತು.

ನಾಲ್ಕು ಒಳ್ಳೆಯ ಸಂಖ್ಯೆ. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಎಂಬ ವಿದ್ವಾಂಸರು ಮತ್ತವರ ಸಂಗಡಿಗರು ಜನ ಹರಟುವ ಕಡೆಗಳಲ್ಲಿ ತಲೆ ಎಣಿಸಿ, ಒಂದು ಮಾತುಕತೆಯಲ್ಲಿ ಹಿಡಿಸುವುದು ಸುಮಾರು ನಾಲ್ಕೇ ಜನ, ಅದನ್ನು ಮೀರಿದರೆ ಮಾತು ಎರಡು ಕವಲಾಗುತ್ತದೆ ಎಂದು 1995ರಲ್ಲಿ ಬರೆದರು. ಪಾರ್ಕಿನ ಬೆಂಚು ಎರಕ ಹೊಯ್ದ ಮೇಸ್ತ್ರಿಗೆ ಇದು ಮೊದಲೇ ಗೊತ್ತಿತ್ತು. ಐದನೆಯವರಾಗಿ ಅಂಚೆ ಇಲಾಖೆಯವರು ಬಂದು ನಿಂತ ಕ್ಷಣದಿಂದ ಬೆಂಚಿನ ಒಂದು ತುದಿಯಲ್ಲಿ ಪಿಂಚಣಿ, ಇನ್ನೊಂದು ತುದಿಯಲ್ಲಿ ಮಂಡಿನೋವು. ನಡುವೆ ಕೂತ ಬ್ಯಾಂಕಿನವರು ಒಂದು ಕಿವಿಗೆ ತುಟ್ಟಿಭತ್ಯೆ, ಇನ್ನೊಂದಕ್ಕೆ ಎಳ್ಳೆಣ್ಣೆ ತುಂಬಿಕೊಂಡು ಮನೆಗೆ ಹೋಗುತ್ತಿದ್ದರು.

ಉದ್ದೇಶ ಸತ್ತರೂ ಗುಂಪು ಸಾಯುವುದಿಲ್ಲ ಎಂಬುದಕ್ಕೆ ನಗೆಕೂಟಗಳಿಗಿಂತ ದೊಡ್ಡ ಸಾಕ್ಷಿ ಬೇಡ. ಮುಂಬಯಿಯ ಡಾಕ್ಟರ್ ಮದನ್ ಕಟಾರಿಯಾ 1995ರ ಮಾರ್ಚ್‌ನಲ್ಲಿ ಒಂದು ಪಾರ್ಕಿನಲ್ಲಿ ಐದು ಜನರನ್ನು ಸೇರಿಸಿ ನಗೆಕೂಟ ಶುರುಮಾಡಿದರು. ಒಬ್ಬೊಬ್ಬರಾಗಿ ಜೋಕು ಹೇಳುವುದು, ಉಳಿದವರು ನಗುವುದು. ಕೆಲವೇ ದಿನಗಳಲ್ಲಿ ಒಳ್ಳೆಯ ಜೋಕುಗಳು ಮುಗಿದವು; ಉಳಿದವು ಹೆಂಗಸರ ಎದುರು ಹೇಳುವಂಥವಲ್ಲ. ಬುದ್ಧಿವಂತರಾಗಿದ್ದರೆ ಕೂಟವನ್ನು ಮುಚ್ಚಬೇಕಿತ್ತು. ಕಟಾರಿಯಾ ಇನ್ನೂ ಬುದ್ಧಿವಂತರು, ಜೋಕನ್ನೇ ಕೈಬಿಟ್ಟರು. ಇನ್ನು ಮೇಲೆ ಕಾರಣವಿಲ್ಲದೆ ನಗೋಣ ಎಂದರು. ಆ ಕಾರಣವಿಲ್ಲದ ನಗು ಇವತ್ತು ದೇಶವಿದೇಶಗಳ ಪಾರ್ಕುಗಳಲ್ಲಿ ಬೆಳಗಿನ ನಿದ್ದೆ ಕೆಡಿಸುತ್ತಿದೆ. ನಮ್ಮ ಪಾರ್ಕಿನಲ್ಲೂ ಒಂದು ಕೂಟವಿದೆ. ಕೈ ಮೇಲೆತ್ತಿ ‘ಹೋ ಹೋ ಹಾ ಹಾ’ ಎನ್ನುವ ಅವರ ಮುಖಗಳಷ್ಟು ಗಂಭೀರವಾದ ಮುಖಗಳನ್ನು ನಾನು ಸೂತಕದ ಮನೆಯಲ್ಲೂ ಕಂಡಿಲ್ಲ.

ಕಾರಣವಿದ್ದು ಕಟ್ಟಿದ ಗುಂಪುಗಳೇ ಇಲ್ಲವೆಂದಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶದ ಮೊತ್ತಮೊದಲನೆಯದೆಂದು ಹೆಸರಾಗಿದೆ. ಅಲ್ಲಿ ರೈತರು ಸೇರಿದ್ದು ಸಾಲ ಬೇಕಾಗಿ, ಸಾಹುಕಾರನ ಬಡ್ಡಿ ತಾಳಲಾರದೆ. ನಮ್ಮ ಮನೆಯಲ್ಲೇ ಅಂಥದೊಂದು ಶಾಖೆಯಿದೆ, ನನ್ನಾಕೆಯ ಚೀಟಿ ಗುಂಪು. ಅದಕ್ಕೆ ಅಧ್ಯಕ್ಷೆಯಿಲ್ಲ, ಲೆಟರ್‌ಹೆಡ್ಡಿಲ್ಲ, ಗಲಾಟೆಯೂ ಇಲ್ಲ. ತಿಂಗಳ ಮೊದಲ ಭಾನುವಾರ ದುಡ್ಡು ಎಣಿಸುತ್ತಾರೆ, ಚೀಟಿ ಎತ್ತುತ್ತಾರೆ, ಅವಲಕ್ಕಿ ತಿಂದು ಏಳುತ್ತಾರೆ. ಗುಂಪಿನ ಆಯುಸ್ಸು ಇರುವುದು ಕೊನೆಯ ಚೀಟಿ ಎತ್ತಬೇಕಾದವಳ ಜಾಗರೂಕತೆಯಲ್ಲಿ.

ಗಂಡಸರ ಕಥೆ ಬೇರೆ. ಬೆಂಚು ಎರಡಾಗಿ, ಜನ ಹತ್ತಾಗಿ, ಹನ್ನೆರಡಾದ ಮೇಲೆ ತಹಸೀಲ್ದಾರರಿಗೆ ನೋಂದಣಿಯ ಆಸೆ ಹುಟ್ಟಿತು. ಮಾಸ್ತರರು ಒಪ್ಪಲಿಲ್ಲ.

‘ಅಲ್ರೀ, ನಮ್ಮ ಧಾರವಾಡದಾಗ ಬೇಂದ್ರೆಯವರು ಗೆಳೆಯರ ಗುಂಪು ಅಂತ ಕಟ್ಟಿದ್ರು. ಹೆಸರಿನಾಗ ಬರೇ ಗೆಳೆತನ, ಬರೇ ಗುಂಪು. ಜಿ.ಬಿ. ಜೋಶಿಯವರ ಅಟ್ಟದ ಮ್ಯಾಲೆ ಎಂಥೆಂಥಾ ಮಂದಿ ಕುಂತು ಹರಟಿ ಹೊಡದ್ರು. ಅಲ್ಲಿ ಹತ್ತಾಕ ಮೆಂಬರ್‌ಶಿಪ್ ಕಾರ್ಡ್ ಬೇಕಿತ್ತೇನ್ರೀ?’

‘ಅವರಿಗೆ ಬರೆಯೋಕೆ ಬರ್ತಿತ್ತು ಮೇಷ್ಟ್ರೇ’ ಎಂದರು ತಹಸೀಲ್ದಾರರು. ‘ನಮಗೆ ಬರೋದು ಮೀಟಿಂಗ್ ಮಾಡೋದೊಂದೇ.’

ಅದಕ್ಕೆ ಉತ್ತರವಿರಲಿಲ್ಲ. ವಾಯುವಿಹಾರಿಗಳ ಸಂಘ ನೋಂದಣಿಯಾಯಿತು. ಉದ್ದೇಶ ಬರೆಯುವ ಜಾಗದಲ್ಲಿ ಕೆಇಬಿಯವರು ಸಂಸ್ಕೃತಿ, ಪರಿಸರ, ಆರೋಗ್ಯ ಮೂರನ್ನೂ ಬರೆದರು, ಯಾವುದಕ್ಕಾದರೂ ಗ್ರಾಂಟು ಬಂದೀತೆಂದು.

ಒಡೆದದ್ದು ರಾಜ್ಯೋತ್ಸವದ ಫ್ಲೆಕ್ಸಿನಿಂದ. ನಡುವೆ ಭುವನೇಶ್ವರಿ, ಸುತ್ತ ಪದಾಧಿಕಾರಿಗಳ ದುಂಡು ಫೋಟೋಗಳು. ಉಪಾಧ್ಯಕ್ಷರ ಫೋಟೋ ಅಧ್ಯಕ್ಷರದಕ್ಕಿಂತ ಚಿಕ್ಕದಿತ್ತು, ಅದು ನ್ಯಾಯವೇ. ಆದರೆ ಖಜಾಂಚಿಯದಕ್ಕಿಂತಲೂ ಚಿಕ್ಕದಾಗಿತ್ತು. ಮರುದಿನದಿಂದ ಉಪಾಧ್ಯಕ್ಷರಾದ ಕೆಇಬಿಯವರು ನೀರಿನ ಟ್ಯಾಂಕಿನ ಪಕ್ಕದ ಬೆಂಚಿಗೆ ಹೋದರು. ಹಿಂದೆಯೇ ಅರ್ಧ ಸಂಘ ಹೋಯಿತು.

ಇಷ್ಟು ಸಣ್ಣ ಕಾರಣಕ್ಕೆ ಜನ ಎರಡಾಗುತ್ತಾರೆಯೇ ಎಂದು ಹೊರಗಿನವರಿಗೆ ಅನ್ನಿಸೀತು. ಇದು ಸಣ್ಣ ಕಾರಣವಲ್ಲ, ಬಹಳ ದೊಡ್ಡದು. ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು ಇದರ ನೂರರಲ್ಲೊಂದು ಪಾಲಿನಿಂದ ಕೆಲಸ ಸಾಧಿಸಿದ್ದರು. ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾ ಹುಡುಗರಿಗೆ ಕೆಲವು ಚಿತ್ರ ತೋರಿಸಿ, ನೀನು ಕ್ಲೀ ಎಂಬ ಕಲಾವಿದನ ಪಕ್ಷ, ನೀನು ಕ್ಯಾಂಡಿನ್‌ಸ್ಕಿಯ ಪಕ್ಷ ಎಂದು ಗುಂಪು ಹಂಚಿದರು. ನಿಜಕ್ಕೂ ಹಂಚಿದ್ದು ಕಣ್ಣುಮುಚ್ಚಿ. ಹುಡುಗರ ಮೆಚ್ಚುಗೆಗೂ ಅದಕ್ಕೂ ಸಂಬಂಧವಿರಲಿಲ್ಲ. ಗುಂಪಿನಲ್ಲಿ ಬೇರೆ ಯಾರಿದ್ದಾರೆಂಬುದೂ ಅವರಿಗೆ ಗೊತ್ತಿಲ್ಲ. ಆದರೂ ದುಡ್ಡು ಹಂಚಲು ಕೊಟ್ಟಾಗ ತಮ್ಮ ಪಕ್ಷದವನ ಕಡೆಗೇ ಕೈ ವಾಲಿತು. ಅಷ್ಟೇ ಅಲ್ಲ, ತಮ್ಮವರಿಗೆ ಒಂದಿಷ್ಟು ಖೋತಾ ಆದರೂ ಚಿಂತೆಯಿಲ್ಲ, ಆ ಕಡೆಯವರಿಗಿಂತ ಹೆಚ್ಚು ಸಿಕ್ಕರೆ ಸಾಕು ಎಂಬ ಕಡೆಗೂ ವಾಲಿತು. 1970ರಲ್ಲಿ ಇದು ಪ್ರಕಟವಾದಾಗ ಪಂಡಿತರು ಬೆರಗಾದರಂತೆ. ಅವರಿಗೆ ಸೋದರರ ಆಸ್ತಿ ಭಾಗದ ಪಂಚಾಯ್ತಿಯಲ್ಲಿ ಕೂತು ಗೊತ್ತಿರಲಿಕ್ಕಿಲ್ಲ.

ನಮ್ಮಲ್ಲಿ ಒಡಕಿನಿಂದ ಆದದ್ದು ಉಪಕಾರವೇ. ಅಲ್ಲಿಯವರೆಗೆ ಮೂರು ಸಭೆಗೆ ಒಮ್ಮೆ ಕೋರಂ ಕೂಡುತ್ತಿದ್ದ ಸಂಘಕ್ಕೆ ಈಗ ಜ್ವರವಿದ್ದವರೂ ಬರತೊಡಗಿದರು. ಹಳೆಯ ಬೆಂಚಿನವರು ಕಣ್ಣಿನ ತಪಾಸಣೆ ಶಿಬಿರ ಮಾಡಿದರೆ ಟ್ಯಾಂಕಿನವರು ದಂತ ತಪಾಸಣೆ ಮಾಡಿದರು. ಒಬ್ಬರು ಉಪ್ಪಿಟ್ಟು ಹಂಚಿದರೆ ಇನ್ನೊಬ್ಬರು ಉಪ್ಪಿಟ್ಟಿನ ಜೊತೆ ಕೇಸರಿಬಾತು. ಬಡಾವಣೆ ಎಂದೂ ಇಷ್ಟು ಆರೋಗ್ಯವಾಗಿ, ಇಷ್ಟು ಹೊಟ್ಟೆ ತುಂಬಿ ಇದ್ದದ್ದಿಲ್ಲ. ಬೈಲಾದಲ್ಲಿ ಬರೆದಿದ್ದ ಸಂಸ್ಕೃತಿ, ಪರಿಸರ, ಆರೋಗ್ಯ ಮೂರೂ ಎದುರಾಳಿಗಳ ದಯೆಯಿಂದ ನೆರವೇರಿದವು. ಮುಖ ನೋಡಬಾರದೆಂದು ಎರಡೂ ಬಣದವರು ಬೆಂಚು ಬಿಟ್ಟು ಎದ್ದು ವಿರುದ್ಧ ದಿಕ್ಕಿಗೆ ನಡೆಯಲು ಕೂಡ ಶುರುಮಾಡಿದರು. ಡಾಕ್ಟರು ಹೇಳಿ ಸೋತಿದ್ದ ಕೆಲಸ.

ಟ್ಯಾಂಕಿನವರಿಗೆ ನೋಂದಣಿಗೆ ಒಬ್ಬರು ಕಡಿಮೆ ಬಿದ್ದಿದ್ದರು; ಯಾರ ಮನೆಗೆ ಬಂದರೆಂದು ಬೇರೆ ಹೇಳಬೇಕಾಗಿಲ್ಲ. ‘ನಾಚಿಕೆಯಾಗಲ್ವೇನ್ರೀ, ಎರಡೂ ಕಡೆ ಸಹಿ ಹಾಕೋಕೆ?’ ಎಂದಳು ಇವಳು. ಅನುಮೋದಕನಿಗೆ ಪಕ್ಷವಿಲ್ಲ ಎಂದೆ.

ವಿರುದ್ಧ ದಿಕ್ಕಿಗೆ ನಡೆದ ಮೇಲೆ ಸುತ್ತಿಗೆ ಎರಡು ಸಲ ಎದುರಾಗುವುದು ತಪ್ಪುತ್ತದೆಯೇ? ಕತ್ತು ಅಲ್ಲಾಡಿತಂತೆ. ಮೊನ್ನೆ ನೋಡಿದರೆ ತಹಸೀಲ್ದಾರರೂ ಕೆಇಬಿಯವರೂ ಗೇಟಿನ ಬಳಿ ಬೈಟು ಕಾಫಿ ಹಿಡಿದು ನಿಂತಿದ್ದಾರೆ. ಪಕ್ಕದ ಬಡಾವಣೆಯವರದು ಅತಿಯಾಯಿತಂತೆ, ಅವರ ಫ್ಲೆಕ್ಸ್ ನಮ್ಮ ಸರ್ಕಲ್‌ವರೆಗೂ ಬಂದಿದೆಯಂತೆ. ಅದಕ್ಕೆ ಎರಡೂ ಸಂಘಗಳನ್ನು ಸೇರಿಸಿ ಒಂದು ಒಕ್ಕೂಟ ಮಾಡುತ್ತಾರಂತೆ. ಅಧ್ಯಕ್ಷರು ಇಬ್ಬರು, ಫೋಟೋ ಒಂದೇ ಅಳತೆ. ನನ್ನನ್ನು ಕಂಡವರೇ ಇಬ್ಬರೂ ಒಟ್ಟಿಗೆ ಕೂಗಿದರು:

‘ಬನ್ನಿ ಸಾರ್, ಬನ್ನಿ. ಆಧಾರ್ ಜೆರಾಕ್ಸ್ ಇದೆಯಾ?’